ಮೂರು ಏಜೆನ್ಸಿಗಳಿಗೆ ಹಣ ಕೊಟ್ಟು ಒಂದನ್ನು ಆರಿಸಿಕೊಂಡ ಬಗೆ

ನಮ್ಮದು ಇಳಕಲ್ಲಿನಲ್ಲಿ ಸೀರೆಯ ವ್ಯಾಪಾರ. ಅಜ್ಜನ ಕಾಲದಿಂದಲೂ ನೇಕಾರರಿಗೆ ನೂಲು ಕೊಟ್ಟು, ಸೀರೆ ಪಡೆದು, ಸೋಲಾಪುರ, ಕೊಲ್ಹಾಪುರ, ಹುಬ್ಬಳ್ಳಿಯ ಅಂಗಡಿಗಳಿಗೆ ಸಗಟಿನಲ್ಲಿ ಕಳಿಸುತ್ತ ಬಂದ ಮನೆ. ಆನ್‌ಲೈನ್ ಮಾರಾಟಕ್ಕೆ ಇಳಿದು ಆರು ವರ್ಷವಾಯಿತು. ಮೊದಲ ನಾಲ್ಕು ವರ್ಷಗಳಲ್ಲಿ ವೆಬ್‌ಸೈಟು, ಜಾಹೀರಾತು ನೋಡಿಕೊಳ್ಳುವ ಕೆಲಸವನ್ನು ಎರಡು ಬಾರಿ ತಪ್ಪು ಏಜೆನ್ಸಿಯ ಕೈಗೆ ಕೊಟ್ಟು ಏಳೂವರೆ ಲಕ್ಷದ ಹತ್ತಿರ ಕಳೆದುಕೊಂಡೆವು. ಮೂರನೆಯ ಸಲ ನಾನು ಹಿಡಿದ ದಾರಿಯನ್ನು ಮನೆಯಲ್ಲಿಯೂ ಬಜಾರಿನಲ್ಲಿಯೂ ಯಾರೂ ಒಪ್ಪಿರಲಿಲ್ಲ. "ಕೆಲಸಾ ಕೊಡೂದಕ್ಕ ಮೊದಲ ರೊಕ್ಕಾ ಕೊಟ್ಟು ಪರೀಕ್ಷಾ ಮಾಡೂದು ಎಲ್ಲ್ಯರ ಐತೇನೋ ತಮ್ಮಾ?" ಎಂದು ಕಾಕಾ ನೇರವಾಗಿಯೇ ಕೇಳಿದ್ದರು. ಎರಡು ವರ್ಷದ ಲೆಕ್ಕ ನೋಡಿದ ಮೇಲೆ ಅವರೇ ಕಳೆದ ದೀಪಾವಳಿಯಲ್ಲಿ ತಮ್ಮ ಬೀಗರನ್ನು ನನ್ನ ಹತ್ತಿರ ಕಳುಹಿಸಿ, ಅವರ ಅಂಗಡಿಗೂ ಇದೇ ರೀತಿ ಏಜೆನ್ಸಿ ಹುಡುಕಿ ಕೊಡುವಂತೆ ಹೇಳಿದರು. ಆದ್ದರಿಂದ ಈಗ ಇದನ್ನು ಬರೆಯಬಹುದು ಎನ್ನಿಸಿದೆ.

ಮೊದಲ ಏಜೆನ್ಸಿಯನ್ನು ಅದರ ಹಳೆಯ ಕೆಲಸಗಳ ಆಲ್ಬಂ ನೋಡಿ ಆರಿಸಿದ್ದೆ. ವೆಬ್‌ಸೈಟಿಗೆ ಒಂದು ಲಕ್ಷದ ಎಪ್ಪತ್ತೈದು ಸಾವಿರ, ಅರ್ಧ ಮುಂಗಡ, ಎರಡು ತಿಂಗಳ ಗಡುವು ಎಂದು ಮಾತಾಗಿತ್ತು. ಕೆಲಸ ಮುಗಿಯುವ ಹೊತ್ತಿಗೆ ಏಳು ತಿಂಗಳಾಗಿತ್ತು. ಪ್ರಿಂಟಿಂಗ್ ಪ್ರೆಸ್ಸಿನಿಂದ ಬಂದ ನಮ್ಮ ಕರಪತ್ರದ ನುಡಿ ಫಾಂಟಿನ (ಆ ಫಾಂಟ್ ಇಲ್ಲದ ಕಡೆ ಕನ್ನಡ ಕಾಣದ ಹಳೆಯ ಪದ್ಧತಿಯ) ಪಠ್ಯವನ್ನು ಅವರು ಹಾಗೆಯೇ ಎತ್ತಿ ಪುಟಕ್ಕೆ ಹಾಕಿದ್ದರಿಂದ ಕನ್ನಡ ಇರಬೇಕಾದ ಕಡೆಯೆಲ್ಲ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತಿತ್ತು. ಯೂನಿಕೋಡ್‌ಗೆ ಬದಲಿಸಿ ಕೊಟ್ಟ ಮೇಲೆ ಪುಟ ಸರಿಯಾಯಿತು, ಆದರೆ ಬ್ಯಾನರಿನಲ್ಲಿ ಒತ್ತಕ್ಷರಗಳು ಬಿಡಿಸಿಕೊಂಡು, ಗುಳೇದಗುಡ್ಡ ಖಣದ (ಕುಪ್ಪಸದ ಬಟ್ಟೆಯ) ಹೆಸರು 'ಗುಳೇದಗುಡ್‌ಡ' ಎಂದು ಬಂದಿತ್ತು. ಫೋಟೋಶಾಪಿನಲ್ಲಿ ಭಾರತೀಯ ಲಿಪಿಗಳಿಗೆಂದು ಇರುವ ಕಂಪೋಸರ್ ಆಯ್ಕೆಯನ್ನು ಬದಲಿಸಿಕೊಂಡರೆ ಮುಗಿಯುವ ಕೆಲಸ ಅದು. ಮೂರು ಸಲ ತಿಳಿಸಿದರೂ ಅವರ ಡಿಸೈನರಿಗೆ ಅದು ತಪ್ಪು ಎಂದೇ ಕಾಣಲಿಲ್ಲ, ಏಕೆಂದರೆ ಅಲ್ಲಿ ಕನ್ನಡ ಓದಬಲ್ಲವರು ಯಾರೂ ಇರಲಿಲ್ಲ. ಕೊನೆಗೆ ಬಿಟ್ಟು ಬರುವಾಗ ನಮ್ಮ ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ಅವರ ಹೆಸರಿನಲ್ಲಿ ನೋಂದಣಿಯಾಗಿರುವುದು ಗೊತ್ತಾಯಿತು. ನಮ್ಮದೇ ಅಂಗಡಿಯ ಹೆಸರನ್ನು ಬಿಡಿಸಿಕೊಳ್ಳಲು ಇಪ್ಪತ್ತೆರಡು ಸಾವಿರ ಕೊಟ್ಟೆ.

ಎರಡನೆಯದನ್ನು ಪರಿಚಯದವರ ಮಾತಿನ ಮೇಲೆ ಹಿಡಿದೆ. ತಿಂಗಳಿಗೆ 25 ಸಾವಿರ ಫೀ, ಮೇಲೆ 30 ಸಾವಿರ ಜಾಹೀರಾತಿನ ಖರ್ಚು, ಹೀಗೆ ಹತ್ತು ತಿಂಗಳು ನಡೆಯಿತು. ಪುಟಕ್ಕೆ ಹದಿನಾಲ್ಕು ಸಾವಿರ ಲೈಕ್ ಬಂದವು. ಆರ್ಡರು ಮಾತ್ರ ತಿಂಗಳಿಗೆ 35 ದಾಟಲಿಲ್ಲ. 2023ರ ಜುಲೈ 1ರಂದು ಸೈಟಿಗೆ ಬಂದವರನ್ನು ಎಣಿಸುವ ಗೂಗಲ್‌ನ ಹಳೆಯ ಯೂನಿವರ್ಸಲ್ ಅನಲಿಟಿಕ್ಸ್ ಹೊಸ ಲೆಕ್ಕ ಬರೆದುಕೊಳ್ಳುವುದನ್ನು ನಿಲ್ಲಿಸಿತು ಎಂಬುದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತಿದೆ. ಅವರು ನಮ್ಮ ಸೈಟನ್ನು ಹೊಸದಕ್ಕೆ ಸರಿಯಾಗಿ ಬದಲಿಸಿರಲಿಲ್ಲ, ಆದರೂ ಜುಲೈ ಮತ್ತು ಆಗಸ್ಟ್ ತಿಂಗಳ ರಿಪೋರ್ಟ್ ಎಂದಿನಂತೆ ಎಕ್ಸೆಲ್‌ನಲ್ಲಿ ಬಂದಿತ್ತು, ಅಂಕಿಗಳೂ ಎಂದಿನಂತೆ ಸ್ವಲ್ಪ ಏರಿದ್ದವು. ಎಲ್ಲಿಂದ ಬಂದ ಅಂಕಿ ಎಂದು ಕೇಳಿದ್ದಕ್ಕೆ ಇಂದಿಗೂ ಉತ್ತರವಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಜಿಎಸ್‌ಟಿಯದು. ಜಾಹೀರಾತು ಅವರ ಖಾತೆಯಿಂದ ಓಡುತ್ತಿದ್ದುದರಿಂದ ಫೇಸ್‌ಬುಕ್ ನಡೆಸುವ ಮೆಟಾದ ಇನ್‌ವಾಯ್ಸ್ ಅವರ ಹೆಸರಿಗೆ ಬರುತ್ತಿತ್ತು. ನಮಗೆ ಸಿಗುತ್ತಿದ್ದುದು 'ಜಾಹೀರಾತು ಖರ್ಚು' ಎಂಬ ಒಂದು ಸಾಲಿನ ಚೀಟಿ ಮಾತ್ರ. ಮೂರು ಲಕ್ಷದ ಖರ್ಚಿಗೆ ಶೇ. 18ರಂತೆ 54 ಸಾವಿರದಷ್ಟು ತೆರಿಗೆಯನ್ನು ನಾವೇ ತುಂಬಿಕೊಟ್ಟರೂ ಅದರ ಕ್ರೆಡಿಟ್ (ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದಾದ ಮೊತ್ತ) ಒಂದು ರೂಪಾಯಿಯೂ ನಮ್ಮ ಪುಸ್ತಕಕ್ಕೆ ಬರಲಿಲ್ಲ. ನಮ್ಮ ಜಾಹೀರಾತು ಖಾತೆಯಲ್ಲಿ ನಮ್ಮದೇ ಜಿಎಸ್‌ಟಿ ನಂಬರು ಇದ್ದಿದ್ದರೆ ಈ ಹಣ ಉಳಿಯುತ್ತಿತ್ತು.

ಇಷ್ಟಾದ ಮೇಲೆ ಮೂರನೆಯ ಹುಡುಕಾಟಕ್ಕೆ ಕೈಹಾಕುವ ಮುನ್ನ ಡೊಮೇನ್, ಹೋಸ್ಟಿಂಗ್, ಫೇಸ್‌ಬುಕ್ ಜಾಹೀರಾತು ನಡೆಸುವ ಬಿಸಿನೆಸ್ ಮ್ಯಾನೇಜರ್, ಗೂಗಲ್ ಖಾತೆಗಳು, ಪೇಮೆಂಟ್ ಗೇಟ್‌ವೇ ಎಲ್ಲವನ್ನೂ ನನ್ನ ಮೇಲ್ ಐಡಿಗೆ ತಂದುಕೊಂಡೆ. ಎರಡು ದಿನದ ಕೆಲಸ. ಯಾರೇ ಬಂದರೂ ಪಾರ್ಟ್‌ನರ್ ಪ್ರವೇಶ ಮಾತ್ರ, ಅಂದರೆ ಒಡೆತನ ನಮ್ಮದೇ, ಕೆಲಸ ಮಾಡುವಷ್ಟು ಅನುಮತಿ ಅವರಿಗೆ ಎಂದು ನಿರ್ಧರಿಸಿದೆ.

ಎಂಟು ಏಜೆನ್ಸಿಗಳ ಜೊತೆ ಮಾತನಾಡಿದೆ. ಅವುಗಳಲ್ಲಿ ಐದನ್ನು ಒಂದೇ ಪ್ರಶ್ನೆಯಿಂದ ಕೈಬಿಟ್ಟೆ, ಅದೂ ನಾನು ಕೇಳಿದ ಪ್ರಶ್ನೆಯಲ್ಲ, ಅವರು ನನ್ನನ್ನು ಕೇಳಬೇಕಾಗಿದ್ದ ಪ್ರಶ್ನೆ. ಟೋಪ ತೆನಿ ಸೆರಗಿನ (ಕೆಂಪು-ಬಿಳಿಯ ಸಾಂಪ್ರದಾಯಿಕ ಸೆರಗಿನ) ಒಂದು ಕೈಮಗ್ಗದ ಸೀರೆ ಇಳಿಯಲು ಹೆಚ್ಚುಕಡಿಮೆ ಒಂದು ವಾರ ಬೇಕು. ನಮಗೆ ನೇಯ್ದು ಕೊಡುವ ಮಗ್ಗಗಳು ಸುಮಾರು ಮೂವತ್ತು, ಅಂದರೆ ತಿಂಗಳಿಗೆ 120 ಸೀರೆ ಬಂದರೆ ಅದೇ ಹೆಚ್ಚು. ನಿಮ್ಮಲ್ಲಿ ತಿಂಗಳಿಗೆ ಎಷ್ಟು ಮಾಲು ತಯಾರಾಗುತ್ತದೆ ಎಂದು ಕೇಳದೆಯೇ ಸಾವಿರ ಆರ್ಡರ್ ತಂದುಕೊಡುತ್ತೇನೆ ಎಂದವರಿಗೆ ನಮ್ಮ ವ್ಯಾಪಾರ ಅರ್ಥವಾಗಿಲ್ಲ ಎಂದು ತಿಳಿದುಕೊಂಡೆ.

ಉಳಿದ ಮೂವರಿಗೂ ಒಂದೇ ಕೆಲಸ ಕೊಟ್ಟೆ: ಹದಿನೈದು ದಿನ, 12 ಸಾವಿರ ಫೀ, 8 ಸಾವಿರ ಜಾಹೀರಾತಿನ ಹಣ, ಒಂದೇ ಸೀರೆ. ಆ ಸೀರೆಗೆ ಒಂದು ಪುಟ, ಒಂದು ಜಾಹೀರಾತು, ಕನ್ನಡದ ಒಂದು ಬ್ಯಾನರ್. ಮುಂದೆ ನಮ್ಮ ಕೆಲಸವನ್ನು ಯಾರು ಮಾಡುತ್ತಾರೋ ಅವರೇ ಇದನ್ನೂ ಮಾಡಬೇಕು, ನಾನು ಫೋನ್ ಮಾಡಿದಾಗ ಅವರೇ ಮಾತನಾಡಬೇಕು ಎಂಬುದು ಷರತ್ತು. ಜಿಎಸ್‌ಟಿ ಬಿಟ್ಟು ಒಟ್ಟು 60 ಸಾವಿರ ಖರ್ಚು. ಕಾಕಾ ತಕರಾರು ತೆಗೆದದ್ದು ಈ 60 ಸಾವಿರಕ್ಕೆ. ಪುಕ್ಕಟೆ ಸ್ಯಾಂಪಲ್ ಕೇಳಬಹುದಿತ್ತಲ್ಲ ಎಂದರು. ಪುಕ್ಕಟೆ ಕೇಳಿದರೆ ಅವರ ಮಾರಾಟದ ವಿಭಾಗದವರು ಕೆಲಸ ಮಾಡಿ ತೋರಿಸುತ್ತಾರೆ; ಹಣ ಕೊಟ್ಟರೆ ಮಾತ್ರ ನಿಜವಾಗಿ ಕೆಲಸ ಮಾಡುವವರನ್ನು ಮುಂದೆ ಕರೆಯಿರಿ ಎನ್ನುವ ಹಕ್ಕು ನಮಗಿರುತ್ತದೆ.

ಸೀರೆಯ ಆಯ್ಕೆಯನ್ನೂ ಯೋಚಿಸಿಯೇ ಮಾಡಿದ್ದೆ. ಅದು ಕಪ್ಪು ಒಡಲಿನ ಚಂದ್ರಕಾಳಿ ಸೀರೆ, ಸಮಯ ಡಿಸೆಂಬರಿನ ಕೊನೆ. ನಮ್ಮ ಕಡೆ ಹಬ್ಬಕ್ಕೆ ಕಪ್ಪು ಉಡುವವರು ಕಡಿಮೆ, ಆದರೆ ಮಹಾರಾಷ್ಟ್ರದಲ್ಲಿ ಮಕರ ಸಂಕ್ರಾಂತಿಗೆ ಹೆಣ್ಣುಮಕ್ಕಳು ಹುಡುಕಿಕೊಂಡು ಬರುವುದೇ ಕಪ್ಪನ್ನು. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಈ ಮೂವರಲ್ಲಿ ಮೊದಲನೆಯದು, ನಲವತ್ತಕ್ಕೂ ಹೆಚ್ಚು ಸ್ಲೈಡ್ ತೋರಿಸಿದ್ದ ದೊಡ್ಡ ಕಂಪನಿ, ಹಬ್ಬದ ಹೊತ್ತಿನಲ್ಲಿ ಕಪ್ಪು ಬೇಡ, ಹಸಿರು ಸೀರೆ ಕೊಡಿ ಎಂದಿತು. ಎರಡನೆಯವರು ಏನೂ ಕೇಳದೆ ಅಂದವಾದ ಪುಟ ಮಾಡಿದರು, ಆದರೆ ಪ್ರತಿ ಉತ್ತರಕ್ಕೂ ಎರಡು ದಿನ ಕಾಯಬೇಕಾಯಿತು. ಮೂರನೆಯದು ಬೆಳಗಾವಿಯ ನಾಲ್ವರ ಸಣ್ಣ ಸಂಸ್ಥೆ. ಅಲ್ಲಿಯ ಹೆಣ್ಣುಮಗಳೊಬ್ಬಳು ಮೊದಲ ದಿನವೇ ಫೋನ್ ಮಾಡಿ, "ಸರ್, ಪುಣೆಯವರು ಇದನ್ನ ಇಳಕಲ್ ಅಂತ ಹುಡುಕೂದಿಲ್ಲ, ಇರಕಲ್ ಅಂತ ಹುಡುಕ್ತಾರ. ದೇವನಾಗರಿಯೊಳಗ ಒಂದು ಜಾಹೀರಾತು ಹಾಕಲೇನು?" ಎಂದು ಕೇಳಿದಳು. ನಲವತ್ತು ವರ್ಷದಿಂದ ಸೋಲಾಪುರದ ವ್ಯಾಪಾರಿಗಳ ಬಾಯಲ್ಲಿ 'ಇರಕಲ್' ಕೇಳುತ್ತಿದ್ದ ನಮ್ಮ ಮನೆಯಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ.

ಬೆಳಗಾವಿಯವರೇ ಮಗ್ಗದ ಮನೆಗೆ ವಿಡಿಯೋ ಕಾಲ್ ಮಾಡಿ, ಸೀರೆಯನ್ನು ಹಿಂದುಮುಂದಾಗಿ ಹಿಡಿಯುವಂತೆ ನೇಕಾರರನ್ನು ಕೇಳಿಕೊಂಡರು. ಒಡಲಿನ ಹಾಸನ್ನು (ಮಗ್ಗದಲ್ಲಿ ಉದ್ದಕ್ಕೆ ಹೂಡುವ ಎಳೆಗಳನ್ನು) ಸೆರಗಿನ ಹಾಸಿನ ಜೊತೆ ಒಂದೊಂದೇ ಎಳೆಯಾಗಿ ಸೇರಿಸುವ ಕೊಂಡಿಯ ಸಾಲು ಅಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಕೈಮಗ್ಗದ ಇಳಕಲ್ಲಿನ ಗುರುತೇ ಅದು. ಪಕ್ಕದಲ್ಲಿ ನೇಕಾರರ ಹೆಬ್ಬೆರಳಿಟ್ಟು ತೆಗೆದ ಆ ಚಿತ್ರವೇ ಪುಟದ ಮೊದಲ ಚಿತ್ರವಾಯಿತು. ಪವರ್‌ಲೂಮಿನ ಅಗ್ಗದ ಸೀರೆಗೂ ನಮ್ಮ 3,200 ರೂಪಾಯಿಯ ಸೀರೆಗೂ ಇರುವ ವ್ಯತ್ಯಾಸವನ್ನು ಅಷ್ಟು ಚೆನ್ನಾಗಿ ಯಾವ ಬರಹವೂ ಹೇಳಿರಲಿಲ್ಲ. ಸೀರೆಯ ಬಣ್ಣ ಚಿತ್ರದಲ್ಲಿ ನಿಜದಂತೆಯೇ ಬರಲು ಯಾವ ಹೊತ್ತಿನಲ್ಲಿ, ಯಾವ ಹಿನ್ನೆಲೆಯಲ್ಲಿ ತೆಗೆಯುತ್ತೇವೆ ಎಂಬುದನ್ನು ಮಾತ್ರ ನಾನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನಮಗೆ ಒಂದು ವರ್ಷ ಹಿಡಿದಿದೆ.

ನೆನಪಿನಿಂದ ಹೇಳುವುದಾದರೆ ಹದಿನೈದು ದಿನಗಳಲ್ಲಿ ಮೊದಲನೆಯವರಿಗೆ ಎರಡು, ಎರಡನೆಯವರಿಗೆ ನಾಲ್ಕು, ಬೆಳಗಾವಿಯವರಿಗೆ ಹನ್ನೊಂದು ಆರ್ಡರ್ ಬಂದವು. ಆದರೆ ಎಂಟು ಸಾವಿರದ ಜಾಹೀರಾತಿನಲ್ಲಿ ಅದೃಷ್ಟದ ಪಾಲೂ ಇರುತ್ತದೆ. ಹಾಗಾಗಿ ಆರ್ಡರಿಗಿಂತ ರಿಪೋರ್ಟನ್ನು ಹೆಚ್ಚು ಗಮನಿಸಿದೆ. ಬೆಳಗಾವಿಯವರು ತಮ್ಮ ಮೊದಲ ಕನ್ನಡ ಜಾಹೀರಾತಿಗೆ 1,900 ರೂಪಾಯಿ ಹೋಗಿ ಒಂದೂ ಆರ್ಡರ್ ಬರಲಿಲ್ಲವೆಂದು, ಅದನ್ನು ಯಾವ ದಿನ ನಿಲ್ಲಿಸಿದೆವು, ಏಕೆ ನಿಲ್ಲಿಸಿದೆವು ಎಂದು ತಾವೇ ಬರೆದಿದ್ದರು. ಉಳಿದ ಇಬ್ಬರ ರಿಪೋರ್ಟಿನಲ್ಲಿ ಸೋತ ಜಾಹೀರಾತು ಒಂದೂ ಇರಲಿಲ್ಲ.

ಕೊನೆಯದಾಗಿ, ನಿಮ್ಮನ್ನು ಬಿಟ್ಟುಹೋದ ಗಿರಾಕಿಯೊಬ್ಬರ ನಂಬರು ಕೊಡಿ ಎಂದು ಮೂವರನ್ನೂ ಕೇಳಿದೆ. ಇರುವ ಗಿರಾಕಿಗಳು ಒಳ್ಳೆಯದನ್ನೇ ಹೇಳುತ್ತಾರೆ. ಇಬ್ಬರು ಕೊಡಲಿಲ್ಲ. ಬೆಳಗಾವಿಯವರು ಕೊಟ್ಟ ನಂಬರಿನ ಬೆಲ್ಲದ ವ್ಯಾಪಾರಿ, ಹಬ್ಬದ ಹೊತ್ತಿಗೆ ಅವರು ಕೆಲಸ ತಡಮಾಡಿದ್ದರಿಂದ ಬಿಟ್ಟೆನೆಂದು, ಆದರೆ ಬಿಟ್ಟ ದಿನವೇ ಎಲ್ಲ ಪಾಸ್‌ವರ್ಡುಗಳನ್ನು ಬರೆದು ಕೊಟ್ಟರೆಂದು ಹೇಳಿದರು. ಇದರ ನಂತರ ಜಾಹೀರಾತು ನೋಡಿಕೊಳ್ಳುವವರಿಗೆ ನಾನು ಕೇಳುವ ಇನ್ನೊಂದು ಪ್ರಶ್ನೆ ಇದೆ. ಅದನ್ನು ಎಲ್ಲರಿಗೂ ತಿಳಿಸಿದರೆ ಸಿದ್ಧ ಉತ್ತರ ಬರಲು ಆರಂಭವಾಗುತ್ತದೆ, ಆದ್ದರಿಂದ ಅದು ನನ್ನಲ್ಲೇ ಇರಲಿ.

ಬೆಳಗಾವಿಯವರನ್ನೇ ಆರಿಸಿಕೊಂಡೆ. ಕರಾರಿನಲ್ಲಿ ಅವರು ಫೀ ಎಂದು ಜಾಹೀರಾತು ಖರ್ಚಿನ ಶೇ. 15 ಕೇಳಿದರು. ನಾನು ಒಪ್ಪಲಿಲ್ಲ. ಮಾಲು 120 ಸೀರೆಗೆ ನಿಲ್ಲುವ ವ್ಯಾಪಾರದಲ್ಲಿ ಖರ್ಚು ಏರಿದಷ್ಟೂ ಏಜೆನ್ಸಿಗೆ ಲಾಭವಾಗುವ ಲೆಕ್ಕ ಇಬ್ಬರಿಗೂ ಒಳ್ಳೆಯದಲ್ಲ. ತಿಂಗಳಿಗೆ 28 ಸಾವಿರ, ಮೂರು ತಿಂಗಳಿಗೊಮ್ಮೆ ನವೀಕರಣ, ಬಿಡುವುದಾದರೆ ಮೂವತ್ತು ದಿನದ ನೋಟಿಸ್ ಎಂದು ಮುಗಿಸಿದೆವು. ಒಂದು ಆರ್ಡರಿಗೆ ಮೊದಲು ಒಂಬೈನೂರರ ಹತ್ತಿರ ಬೀಳುತ್ತಿದ್ದ ಜಾಹೀರಾತಿನ ಖರ್ಚು ಈಗ 280ರ ಆಸುಪಾಸಿನಲ್ಲಿದೆ, ಆರ್ಡರುಗಳು ತಿಂಗಳಿಗೆ ನೂರು ದಾಟಿವೆ.

ಮಧ್ಯದಲ್ಲಿ ಇನ್ನೊಂದು ಪ್ರಯೋಗವೂ ನಡೆಯಿತು. ಕ್ಯಾಶ್ ಆನ್ ಡೆಲಿವರಿಯಲ್ಲಿ ನೂರಕ್ಕೆ 28 ಸೀರೆ ಮರಳಿ ಬರುತ್ತಿದ್ದವು, ಹೋಗಿಬರುವ ಕೊರಿಯರ್ ಖರ್ಚೇ ತಲಾ 180 ರೂಪಾಯಿ. 200 ರೂಪಾಯಿ ಮುಂಗಡ ಕೇಳಲು ಶುರುಮಾಡಿದ ಮೊದಲ ವಾರ ಆರ್ಡರ್ ಅರ್ಧಕ್ಕಿಳಿದು ನನಗೂ ಹೆದರಿಕೆಯಾಯಿತು. ಮೂರನೆಯ ವಾರಕ್ಕೆ ಆರ್ಡರುಗಳು ಮೊದಲಿನಷ್ಟಾದವು, ವಾಪಸಾತಿ ಒಂಬತ್ತಕ್ಕೆ ಇಳಿಯಿತು. ಖಣದ ಕುಪ್ಪಸದ ಬಟ್ಟೆ ಸೇರಿಸಿ ಜೋಡಿಯಾಗಿ ಮಾರುವ ಯತ್ನ ಮಾತ್ರ ನಡೆಯಲಿಲ್ಲ. ಬಣ್ಣ ಹೊಂದಿಸುವ ಬಗ್ಗೆ ಪ್ರತಿ ಗಿರಾಕಿಯೊಂದಿಗೆ ಅರ್ಧ ತಾಸು ವಾಟ್ಸಾಪಿನಲ್ಲಿ ಕೂರಬೇಕಾಗುತ್ತಿತ್ತು.

ಈಗ ಮರಾಠಿಯಲ್ಲಿ ಪ್ರತ್ಯೇಕ ಪುಟ ಸಿದ್ಧವಾಗುತ್ತಿದೆ. ಬರುವ ಸಂಕ್ರಾಂತಿಗೆ ಕಪ್ಪು ಸೀರೆ ಅರವತ್ತಾದರೂ ಕೈಯಲ್ಲಿರಬೇಕೆಂದು ಬೆಳಗಾವಿಯವರು ಈಗಲೇ ಹೇಳಿದ್ದಾರೆ. ಕಾಕಾ ಶ್ರಾವಣದಲ್ಲೇ ಎಂಟು ಮಗ್ಗಕ್ಕೆ ಕಪ್ಪು ಹಾಸು ಏರಿಸುವುದಾಗಿ ಒಪ್ಪಿ ನೂಲಿಗೆ ಮುಂಗಡ ಕೊಟ್ಟು ಬಂದಿದ್ದಾರೆ.