ಸಹಿಗಿಂತ ಮೊದಲು ತಾರೀಖು ನೋಡಿ: ರೆಗ್ಗೆ ಪೋಸ್ಟರ್ ಕೊಳ್ಳುವ, ಕಾಪಾಡುವ ಬಗೆ

ಸಂಗೀತ ಕಾರ್ಯಕ್ರಮದ ಪೋಸ್ಟರ್ ಗೋಡೆಗೆ ಅಂಟಿಸಿ, ಕಾರ್ಯಕ್ರಮ ಮುಗಿದ ಮೇಲೆ ಕಿತ್ತೆಸೆಯಲೆಂದೇ ಅಚ್ಚಾಗುವ ಕಾಗದ. ಆದ್ದರಿಂದಲೇ ಜಮೈಕಾದಲ್ಲಿ ಹುಟ್ಟಿದ ರೆಗ್ಗೆ ಸಂಗೀತದ ಎಪ್ಪತ್ತರ ದಶಕದ ಪೋಸ್ಟರುಗಳಲ್ಲಿ ಉಳಿದವು ಕಡಿಮೆ. ಅಂಥದ್ದರ ಮೇಲೆ ಗಾಯಕರ ಸಹಿಯೂ ಇದ್ದರೆ ಬೆಲೆ ಹಲವು ಪಟ್ಟು ಏರುತ್ತದೆ. ನಕಲಿ ಮಾಡುವವರ ಕಣ್ಣು ಬೀಳುವುದೂ ಅಲ್ಲೇ. ಕೊಳ್ಳುವವರು ಸಹಿಯನ್ನೇ ದಿಟ್ಟಿಸಿ ನೋಡುತ್ತಾರಾದರೂ, ನನ್ನ ಮಟ್ಟಿಗೆ ಸಹಿ ನೋಡಬೇಕಾದದ್ದು ಕೊನೆಯಲ್ಲಿ.

ಮೊದಲು ತಾರೀಖನ್ನು ತಾಳೆ ನೋಡಿ. ಇದಕ್ಕೆ ಕಾಸು ಖರ್ಚಿಲ್ಲ. ಗಾಯಕರಾದ ಪೀಟರ್ ಟಾಷ್ ಮತ್ತು ಬನ್ನಿ ವೇಲರ್ 1974ರ ಹೊತ್ತಿಗೆ ರೆಗ್ಗೆಯ ಹೆಸರಾಂತ ಗಾಯಕ ಬಾಬ್ ಮಾರ್ಲಿಯ ತಂಡದಿಂದ ಹೊರಬಂದಿದ್ದರು. ಹೀಗಿರುವಾಗ 1980ರ ಮಾರ್ಲಿ ಪ್ರವಾಸದ ಪೋಸ್ಟರಿನ ಮೇಲೆ ಮೂವರ ಸಹಿಯೂ ಸಾಲಾಗಿ ಕಂಡರೆ, ಅದು ಹೇಗೆ ಬಂತೆಂದು ಮಾರುವವರನ್ನು ಕೇಳಲೇಬೇಕು. ಹಾಗೆಂದು ಎಲ್ಲವನ್ನೂ ತಳ್ಳಿಹಾಕುವಂತಿಲ್ಲ: 1978ರ ಏಪ್ರಿಲ್ 22ರಂದು ಜಮೈಕಾದ ಕಿಂಗ್‌ಸ್ಟನ್ನಿನ ನ್ಯಾಷನಲ್ ಸ್ಟೇಡಿಯಂನಲ್ಲಿ ನಡೆದ ಒನ್ ಲವ್ ಪೀಸ್ ಕಾರ್ಯಕ್ರಮದಲ್ಲಿ ಮಾರ್ಲಿ, ಟಾಷ್ ಇಬ್ಬರೂ ಹಾಡಿದ್ದರು. ಮಾರ್ಲಿಯ ಕೊನೆಯ ಕಾರ್ಯಕ್ರಮ 1980ರ ಸೆಪ್ಟೆಂಬರ್ 23ರಂದು ಪಿಟ್ಸ್‌ಬರ್ಗಿನ ಸ್ಟ್ಯಾನ್ಲಿ ಥಿಯೇಟರಿನಲ್ಲಿ ನಡೆಯಿತು; ಪ್ರವಾಸದ ಉಳಿದ ಭಾಗ ರದ್ದಾಯಿತು, 1981ರ ಮೇ 11ರಂದು ಅವರು ತೀರಿಕೊಂಡರು. ಅದರ ನಂತರದ ತಾರೀಖಿನ ಪೋಸ್ಟರ್ ತೋರಿಸಿ ‘ಆ ರಾತ್ರಿ ವೇದಿಕೆಯ ಹಿಂದೆ ಹಾಕಿಸಿಕೊಂಡ ಸಹಿ’ ಎಂದು ಯಾರಾದರೂ ಹೇಳಿದರೆ, ಮಾತು ಅಲ್ಲಿಗೇ ಮುಗಿಯಿತು.

ಎರಡನೆಯದು ಕಾಗದ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು. ಆಫ್‌ಸೆಟ್ ಮುದ್ರಣದಲ್ಲಿ ಚಿತ್ರವು ಸಾಲುಸಾಲಾದ ಚುಕ್ಕಿಗಳಾಗಿ ಒಡೆಯುತ್ತದೆ. ಸ್ಕ್ರೀನ್ ಪ್ರಿಂಟಿನಲ್ಲಿ ಶಾಯಿ ದಪ್ಪ ಪದರವಾಗಿ ಕೂತಿರುತ್ತದೆ. ಇಂಕ್‌ಜೆಟ್ಟಿನಲ್ಲಿ ಬಣ್ಣ ಸಿಡಿದ ಹಾಗೆ ಕ್ರಮವಿಲ್ಲದ ಹನಿಗಳು. ನಕಲನ್ನು ಹಳೆಯ ಪ್ರತಿಯೊಂದರ ಫೋಟೊದಿಂದ ಮಾಡಿದ್ದರೆ, ಮೂಲದ ಮಡಿಕೆ, ಮೊಳೆಯ ತೂತುಗಳೂ ಚಿತ್ರದೊಡನೆ ಅಚ್ಚಾಗಿರುತ್ತವೆ. ಕಣ್ಣಿಗೆ ಮಡಿಕೆ ಕಾಣುತ್ತದೆ, ಬೆರಳು ಆಡಿಸಿದರೆ ಕಾಗದ ನುಣುಪು! ನೇರಳಾತೀತ ದೀಪದಡಿ ಕಾಗದ ಹೊಳೆದರೆ ನಕಲಿ ಎಂಬ ಮಾತನ್ನು ಮಾತ್ರ ಇಲ್ಲಿ ನೆಚ್ಚಬೇಡಿ. ಕಾಗದಕ್ಕೆ ಹೊಳಪು ಕೊಡುವ ರಾಸಾಯನಿಕದ ಬಳಕೆ ಐವತ್ತರ ದಶಕದಲ್ಲೇ ಹರಡಿದ್ದರಿಂದ ಎಪ್ಪತ್ತರ ದಶಕದ ಅಸಲಿ ಪೋಸ್ಟರೂ ಹೊಳೆಯಬಹುದು.

ಆಮೇಲೆ ಸಹಿ. ಅದೂ ಚುಕ್ಕಿಗಳಾಗಿ ಒಡೆದರೆ ಅದು ಅಚ್ಚಾದ ಸಹಿ. ಪೆನ್ನಿನದೇ ಆಗಿದ್ದರೆ ಗೆರೆಯ ಓಟ ಗಮನಿಸಿ: ನೋಡಿಕೊಂಡು ಬರೆದವರ ಕೈ ತಿರುವುಗಳಲ್ಲಿ ತಡೆಯುತ್ತದೆ, ನಡುಗುತ್ತದೆ. ಗೆರೆ ಮಡಿಕೆಯನ್ನು ದಾಟುವ ಜಾಗ ಇನ್ನೂ ಹೆಚ್ಚು ಹೇಳುತ್ತದೆ. ಸಹಿಯಾದ ಮೇಲೆ ಮಡಚಿದ್ದರೆ ಶಾಯಿ ಅಲ್ಲಿ ಬಿರುಕು ಬಿಟ್ಟಿರುತ್ತದೆ. ಹಳೆಯ ಮಡಿಕೆಯ ಮೇಲೆ ಈಚೆಗೆ ಸಹಿ ಹಾಕಿದ್ದರೆ ಶಾಯಿ ಒಡೆದ ನಾರಿನೊಳಗೆ ಹರಿದು ಗೆರೆ ಅಗಲವಾಗಿರುತ್ತದೆ.

ಪ್ರಮಾಣಪತ್ರದ ಬೆಲೆ ಅದನ್ನು ಕೊಟ್ಟವರ ಹೆಸರಿನಷ್ಟೇ. ಅಂದಿನ ಟಿಕೆಟ್ಟು, ಸಹಿ ಹಾಕುತ್ತಿರುವಾಗಿನ ಫೋಟೊ, ಕೈ ಬದಲಾದಾಗಿನ ರಸೀದಿ ಸಿಕ್ಕರೆ ಪೋಸ್ಟರಿನ ಜೊತೆಗೇ ಕೇಳಿ ಪಡೆಯಿರಿ.

ನೀವೇ ಸಹಿ ಹಾಕಿಸಿಕೊಳ್ಳುವುದಾದರೆ ಪೋಸ್ಟರಿನ ತಿಳಿಬಣ್ಣದ ಭಾಗವನ್ನು ಮುಂದೆ ಮಾಡಿ. ಶಾಯಿ ಪೂರ್ತಿ ಒಣಗುವವರೆಗೆ ಸುರುಳಿ ಸುತ್ತಬೇಡಿ, ನುಣುಪು ಕಾಗದದಲ್ಲಂತೂ ಅವಸರ ಬೇಡವೇ ಬೇಡ.

ಮನೆಗೆ ತಂದ ಮೇಲೆ ಲ್ಯಾಮಿನೇಷನ್ ಮಾಡಿಸಬೇಡಿ, ಸೆಲ್ಲೊಟೇಪ್ ಹಚ್ಚಬೇಡಿ. ಎರಡನ್ನೂ ಮತ್ತೆ ಬಿಡಿಸಲಾಗದು. ಆಮ್ಲರಹಿತ ರಟ್ಟಿನ ಮೇಲಿಟ್ಟು ಪಾಲಿಯೆಸ್ಟರ್ ಹಾಳೆಯ ಲಕೋಟೆಯಲ್ಲಿ ಚಪ್ಪಟೆಯಾಗಿಡಿ. ಚೌಕಟ್ಟು ಹಾಕಿಸಿದರೆ ಗಾಜು ಕಾಗದಕ್ಕೆ ತಾಗದಂತೆ ನಡುವೆ ಅಂತರ ಬಿಡಿಸಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಗಾಜಿಗಂಟಿದ ಕಾಗದಕ್ಕೆ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಡ. ಮಾರ್ಕರ್ ಪೆನ್ನಿನ ಸಹಿ ಬೆಳಕಿಗೆ ಬೇಗ ಮಾಸುತ್ತದೆ, ಆದ್ದರಿಂದ ಗೋಡೆಗೆ ಒಳ್ಳೆಯದೊಂದು ಬಣ್ಣದ ಪ್ರತಿ ತೂಗುಹಾಕಿ ಮೂಲವನ್ನು ಕತ್ತಲಲ್ಲಿಡುವುದು ಜಾಣತನ. ಆ ಪ್ರತಿಯ ಹಿಂಬದಿಯಲ್ಲಿ ‘ಇದು ನಕಲು’ ಎಂದು ಅಳಿಸಲಾಗದ ಶಾಯಿಯಲ್ಲಿ ಬರೆದಿಡಿ; ಮುಂದೆ ಯಾರೋ ಅದನ್ನೇ ಅಸಲಿಯೆಂದು ಮಾರಿಬಿಡಬಾರದು.