ನಾಯಿಗೆ ಅರಿವಳಿಕೆ: ಆ್ಯಂಟಿಬಯೋಟಿಕ್ ಯಾವುದು, ಯಾವಾಗ, ಹೇಗೆ?

ನಾಯಿಯನ್ನು ಆಪರೇಷನ್‌ಗೆ ಕರೆದೊಯ್ಯುವಾಗ, ಕಳೆದ ಎರಡು ವಾರ ಅದಕ್ಕೆ ಕೊಟ್ಟ ಮಾತ್ರೆಗಳ ಸ್ಟ್ರಿಪ್‌ಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಹೋಗಿ. ‘ಯಾವುದೋ ಆ್ಯಂಟಿಬಯೋಟಿಕ್ ಕೊಟ್ಟಿದ್ವಿ’ ಎಂದರೆ ವೈದ್ಯರಿಗೆ ಉಪಯೋಗವಿಲ್ಲ. ಅದು ಕ್ಲೋರಾಂಫೆನಿಕಾಲ್ ಆಗಿದ್ದರೆ ಪ್ರೊಪೊಫಾಲ್‌ನಂಥ ಅರಿವಳಿಕೆ ಮದ್ದನ್ನು ಕರಗಿಸುವ ಯಕೃತ್ತಿನ ಕಿಣ್ವವನ್ನೇ ತಡೆದಿರುತ್ತದೆ. ನಾಯಿ ಎಚ್ಚರಗೊಳ್ಳುವುದು ತುಂಬಾ ತಡವಾಗುತ್ತದೆ. ಉಣ್ಣೆಜ್ವರಕ್ಕೆ ಡಾಕ್ಸಿಸೈಕ್ಲಿನ್ ನಡೆಯುತ್ತಿದ್ದರೆ ಚಿಂತೆ ಮಾತ್ರೆಯದಲ್ಲ, ಆ ಜ್ವರದಲ್ಲಿ ಕಡಿಮೆಯಾಗುವ ಪ್ಲೇಟ್‌ಲೆಟ್‌ನದು (ರಕ್ತ ಹೆಪ್ಪುಗಟ್ಟಿಸುವ ಕಣ). ರಕ್ತಪರೀಕ್ಷೆ ಆಗದೆ ಕತ್ತರಿ ಮುಟ್ಟಬಾರದು.

ಇನ್ನು ಆಪರೇಷನ್ ಕೋಣೆಯ ಮಾತು, ವೈದ್ಯರಿಗೆ. ಮೂಳೆ ಆಪರೇಷನ್‌ನಂಥ ದೀರ್ಘ ಕೆಲಸಕ್ಕೆ ಸೋಂಕು ತಡೆಯಲು ಸಾಮಾನ್ಯವಾಗಿ ಸೆಫಾಜೋಲಿನ್ ಎಂಬ ಆ್ಯಂಟಿಬಯೋಟಿಕ್: ಕೆ.ಜಿ.ಗೆ 22 ಮಿ.ಗ್ರಾಂ. 20 ಕೆ.ಜಿ. ನಾಯಿಗೆ 440 ಮಿ.ಗ್ರಾಂ; ಎಂ.ಎಲ್.ಗೆ 100 ಮಿ.ಗ್ರಾಂ ಬರುವಂತೆ ಕಲಸಿದ್ದರೆ 4.4 ಎಂ.ಎಲ್. ಕೊಯ್ಯುವ 30ರಿಂದ 60 ನಿಮಿಷ ಮೊದಲು ರಕ್ತನಾಳಕ್ಕೆ, 3ರಿಂದ 5 ನಿಮಿಷ ಹಿಡಿದು ನಿಧಾನವಾಗಿ. ಆಪರೇಷನ್ ಮುಂದುವರಿದರೆ 90 ನಿಮಿಷಕ್ಕೊಮ್ಮೆ ಮತ್ತೆ. ಅರಿವಳಿಕೆ ಬರಿಸುವ ಮದ್ದಿನ ಬೆನ್ನಿಗೇ ಇದನ್ನು ಚುಚ್ಚಬೇಡಿ. ಎರಡೂ ಒಟ್ಟಿಗೆ ಹೋದಾಗ ರಕ್ತದೊತ್ತಡ ಕುಸಿದರೆ, ಯಾವುದರಿಂದ ಕುಸಿಯಿತೆಂದು ಪತ್ತೆಯಾಗುವುದಿಲ್ಲ. ಒತ್ತಡ ಸ್ಥಿರವಾದ ಮೇಲೆ ಕೊಡಿ.

ಸೆಫ್ಟ್ರಿಯಾಕ್ಸೋನ್ ಆದರೆ ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ ದ್ರಾವಣ ಹರಿಯುವ ಅದೇ ಡ್ರಿಪ್‌ಗೆ ಸೇರಿಸಬೇಡಿ. ಆ ದ್ರಾವಣದ ಕ್ಯಾಲ್ಸಿಯಂ ಜತೆ ಸೇರಿ ಹರಳುಗಟ್ಟುತ್ತದೆ. ಹಾಲಿನಂತೆ ಬೆಳ್ಳಗಿರುವ ಪ್ರೊಕೇನ್ ಪೆನಿಸಿಲಿನ್ ಸ್ನಾಯುವಿಗೆ ಮಾತ್ರ, ರಕ್ತನಾಳಕ್ಕೆ ಎಂದೂ ಇಲ್ಲ.

ಹೆಚ್ಚು ಭಯಪಡಬೇಕಾದದ್ದು ಜೆಂಟಾಮೈಸಿನ್, ಅಮಿಕಾಸಿನ್, ಸ್ಟ್ರೆಪ್ಟೊಮೈಸಿನ್‌ಗಳಿಗೆ. ನರದ ತುದಿಯಿಂದ ಸ್ನಾಯುವಿಗೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಹೊರಬರುವುದನ್ನು ಇವು ತಡೆಯುತ್ತವೆ. ಅಟ್ರಾಕ್ಯೂರಿಯಂನಂಥ ಸ್ನಾಯು ಸಡಿಲಿಸುವ ಮದ್ದು ಕೊಟ್ಟಿದ್ದರೆ ಅದರ ಪ್ರಭಾವ ಎಳೆದುಕೊಂಡು ಹೋಗುತ್ತದೆ. ಚೆನ್ನಾಗಿ ಉಸಿರಾಡುತ್ತಿದ್ದ ನಾಯಿಯ ಎದೆ ಮೆಲ್ಲನೆ ಮೇಲೇಳದಾಗುತ್ತದೆ, ಯಂತ್ರದ ಉಸಿರುಚೀಲ ಮೊದಲು ಅರ್ಧ ಕುಗ್ಗುತ್ತಿದ್ದದ್ದು ಈಗ ಬರೀ ಮಿಸುಕುತ್ತದೆ. ಇದು ಕಂಡರೆ ಗಂಟಲಿನ ಕೊಳವೆ ತೆಗೆಯುವ ಆತುರ ಬೇಡ. ಚೀಲ ಒತ್ತಿ ಉಸಿರು ಕೊಡುತ್ತಲೇ ಇರಿ. ಸ್ನಾಯುವಿನ ಸಡಿಲಿಕೆ ಇಳಿಸಲು ನಿಯೋಸ್ಟಿಗ್ಮಿನ್, ಕ್ಯಾಲ್ಸಿಯಂ ಗ್ಲುಕೋನೇಟ್ ಸ್ವಲ್ಪ ನೆರವಾಗುತ್ತವೆ, ಪೂರ್ತಿ ನೆಚ್ಚುವಂತಿಲ್ಲ.

ಮೂತ್ರಪಿಂಡದ ಅಪಾಯವೂ ಇಲ್ಲೇ ಇದೆ. ಉಸಿರಿನೊಂದಿಗೆ ಕೊಡುವ ಅರಿವಳಿಕೆ ಐಸೋಫ್ಲುರೇನ್ ರಕ್ತದೊತ್ತಡ ಇಳಿಸುತ್ತದೆ, ನೋವಿಗೆಂದು ಮೆಲಾಕ್ಸಿಕಾಂ ಕೊಟ್ಟಿರುತ್ತಾರೆ, ಮೇಲೆ ಜೆಂಟಾಮೈಸಿನ್. ಮೂರೂ ಸೇರದಂತೆ ನೋಡಿಕೊಳ್ಳಿ. ಜೆಂಟಾಮೈಸಿನ್ ಬೇಕೇ ಬೇಕೆಂದಾದರೆ ಡ್ರಿಪ್ ನಡೆಯುತ್ತಿರಲಿ, ಸರಾಸರಿ ರಕ್ತದೊತ್ತಡ 60ಕ್ಕಿಂತ ಕೆಳಗಿಳಿಯದಿರಲಿ. ಮನೆಗೆ ಕರೆತಂದ ನಾಯಿ ಮರುದಿನ ಬೆಳಿಗ್ಗೆಯಾದರೂ ಮೂತ್ರ ಮಾಡದಿದ್ದರೆ, ಮದ್ದಿನ ಚೀಟಿ ಹಿಡಿದು ಅಂದೇ ಆಸ್ಪತ್ರೆಗೆ ಹೋಗಿ.