ಮೆಟಲ್ ಡಿಟೆಕ್ಟರ್‌ಗೆ ರೀಚಾರ್ಜೆಬಲ್ ಬ್ಯಾಟರಿ: ಆಕಾರ ನೋಡಿ ಕೊಳ್ಳಬೇಡಿ

ಮುಂಬೈಯ ಮಾಟುಂಗದ ಸಭಾಗೃಹವೊಂದರಲ್ಲಿ ನಮ್ಮವರ ನವರಾತ್ರಿ ಕಾರ್ಯಕ್ರಮ ನಡೆಯುತ್ತಿದ್ದಾಗ, ಬಾಗಿಲಲ್ಲಿ ಡಿಟೆಕ್ಟರ್ ಹಿಡಿದು ನಿಂತಿದ್ದ ವಿಜಯಪುರ ಕಡೆಯ ವಾಚ್‌ಮನ್ ಇದ್ದಕ್ಕಿದ್ದಂತೆ "ಕಿಸೆ ಸುಡಾಕತ್ತೈತ್ರೀ ಸರ" ಎಂದು ಪ್ಯಾಂಟು ಜಾಡಿಸತೊಡಗಿದರು. ಕಿಸೆಯಲ್ಲಿ ಬಿಡಿಯಾಗಿದ್ದ ಒಂಬತ್ತು ವೋಲ್ಟ್‌ನ ಚೌಕ ಬ್ಯಾಟರಿಯ ಎರಡೂ ಗುಂಡಿಗಳಿಗೆ ಗೇಟಿನ ಬೀಗದ ಕೈ ತಗುಲಿ ಶಾರ್ಟ್ ಆಗಿತ್ತು. ಈ ಬ್ಯಾಟರಿಯ ಪ್ಲಸ್ ಮತ್ತು ಮೈನಸ್ ಒಂದೇ ತಲೆಯ ಮೇಲೆ, ಅರ್ಧ ಇಂಚಿನ ಅಂತರದಲ್ಲಿ ಇರುವುದರಿಂದ, ಒಂದು ನಾಣ್ಯವಿದ್ದರೂ ಇಂತಹ ಅವಘಡಕ್ಕೆ ಸಾಕು. ಆದ್ದರಿಂದ ಹೊಸ ಬ್ಯಾಟರಿಯ ತಲೆಯ ಮೇಲೆ ಬರುವ ಪ್ಲಾಸ್ಟಿಕ್ ಟೋಪಿಯನ್ನು ಎಸೆಯಬಾರದು.

ಕೊಳ್ಳುವ ಮುನ್ನ ಡಿಟೆಕ್ಟರಿನ ಮುಚ್ಚಳ ತೆಗೆದು, ಒಳಗೆ ಬರೆದಿರುವ ವೋಲ್ಟೇಜನ್ನು ಕಾಗದದಲ್ಲಿ ಗುರುತು ಹಾಕಿಕೊಳ್ಳಿ. ಕಾವಲಿನವರ ಕೈಯಲ್ಲಿರುವ ಮಾದರಿಗಳಿಗೆ ಸಾಮಾನ್ಯವಾಗಿ ಒಂಬತ್ತು ವೋಲ್ಟ್‌ನ ಒಂದು ಬ್ಯಾಟರಿ ಬೇಕು. ನೆಲದ ಮೇಲೆ ಆಡಿಸುವ ಉದ್ದ ಕೋಲಿನವುಗಳಲ್ಲಿ ಹಲವಕ್ಕೆ ನಾಲ್ಕು, ಆರು ಅಥವಾ ಎಂಟು ಪೆನ್ಸಿಲ್ ಸೆಲ್ ಬೇಕು. ಸಾಮಾನ್ಯ ಪೆನ್ಸಿಲ್ ಸೆಲ್ 1.5 ವೋಲ್ಟ್ ಆದರೆ ರೀಚಾರ್ಜೆಬಲ್ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ 1.2 ವೋಲ್ಟ್. ಎಂಟು ಸೇರಿದರೆ ಹನ್ನೆರಡರ ಬದಲು 9.6 ಮಾತ್ರ ಸಿಗುತ್ತದೆ. ಅದು ಸಾಕೇ ಎಂಬುದನ್ನು ಡಿಟೆಕ್ಟರಿನ ಕೈಪಿಡಿಯಲ್ಲೇ ನೋಡಬೇಕು.

ಒಂಬತ್ತು ವೋಲ್ಟ್ ಎಂದು ಮಾರುವ ರೀಚಾರ್ಜೆಬಲ್‌ಗಳಲ್ಲೂ ಒಳಗುಟ್ಟು ಬೇರೆ ಬೇರೆ. ನಿಕಲ್ ಮೆಟಲ್ ಹೈಡ್ರೈಡ್‌ನ ಆರು ಪುಟ್ಟ ಸೆಲ್‌ಗಳಿದ್ದರೆ 7.2 ವೋಲ್ಟ್, ಏಳಿದ್ದರೆ 8.4, ಎಂಟಿದ್ದರೆ 9.6. ಇವುಗಳಲ್ಲಿ ಆರು ಸೆಲ್ಲಿನದನ್ನು ನಾನು ಕೊಳ್ಳುವುದಿಲ್ಲ. ಸ್ವಲ್ಪ ಇಳಿದರೂ ಡಿಟೆಕ್ಟರಿನ ಕೆಂಪು ದೀಪ ಮಿನುಗತೊಡಗುತ್ತದೆ. ಎಷ್ಟು ಹೊತ್ತು ಬಾಳುತ್ತದೆಂಬ ಲೆಕ್ಕ ಸುಲಭ: ಡಿಟೆಕ್ಟರ್ 30 ಮಿಲಿ ಆಂಪಿಯರ್ ಎಳೆಯುವುದಾದರೆ, 240 ಮಿಲಿ ಆಂಪಿಯರ್ ಅವರ್‌ನ ಬ್ಯಾಟರಿ ಸುಮಾರು ಎಂಟು ಗಂಟೆ, ಅಂದರೆ ಒಂದು ಪಾಳಿ, ನಡೆಯುತ್ತದೆ.

ಲಿಥಿಯಂ ಸೆಲ್‌ಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. 14500 ಎಂಬ ಲಿಥಿಯಂ ಸೆಲ್ ನೋಡಲು ಥೇಟ್ ಪೆನ್ಸಿಲ್ ಸೆಲ್. ಆದರೆ ಅದರ ವೋಲ್ಟೇಜ್ 3.7, ಪೂರ್ತಿ ಚಾರ್ಜ್ ಆದಾಗ 4.2. ಆರು ವೋಲ್ಟ್‌ಗೆಂದು ಮಾಡಿದ ಡಿಟೆಕ್ಟರಿಗೆ ಇಂತಹ ನಾಲ್ಕನ್ನು ತುರುಕಿದರೆ ಸುಮಾರು ಹದಿನೇಳು ವೋಲ್ಟ್ ಹರಿದು ಸರ್ಕ್ಯೂಟ್ ಸುಟ್ಟುಹೋಗಬಹುದು. ಇದಲ್ಲದೆ 1.5 ವೋಲ್ಟ್ ಎಂದೇ ಬರೆದಿರುವ, ಯುಎಸ್‌ಬಿಯಿಂದ ಚಾರ್ಜ್ ಆಗುವ ಲಿಥಿಯಂ ಸೆಲ್‌ಗಳೂ ಇವೆ. ಅವುಗಳ ಹೊಟ್ಟೆಯಲ್ಲಿ ವೋಲ್ಟೇಜ್ ಇಳಿಸುವ ಪುಟ್ಟ ಸರ್ಕ್ಯೂಟ್ ಇರುತ್ತದೆ. ಡಿಟೆಕ್ಟರ್ ಎಂದರೆ ಸುರುಳಿಯಲ್ಲಾಗುವ ಅತಿ ಸೂಕ್ಷ್ಮ ಬದಲಾವಣೆಗೆ ಕಿವಿಗೊಡುವ ಯಂತ್ರವಾದ್ದರಿಂದ, ಆ ಸರ್ಕ್ಯೂಟಿನ ವಿದ್ಯುತ್ ಗದ್ದಲವೂ ಅದಕ್ಕೆ ಲೋಹದಂತೆ ಕೇಳಿಸಬಹುದು. ಮೇಲಾಗಿ ಕೊನೆಯ ನಿಮಿಷದವರೆಗೂ ಒಂದೇ ವೋಲ್ಟೇಜ್ ಕೊಟ್ಟು ಥಟ್ಟನೆ ನಿಂತುಹೋಗುವುದರಿಂದ ಬ್ಯಾಟರಿ ಮುಗಿಯುತ್ತಿದೆ ಎಂಬ ಸೂಚನೆಯೇ ಸಿಗದಿರಬಹುದು. ನನ್ನ ಮಟ್ಟಿಗೆ, ಕಾವಲಿನ ಕೆಲಸಕ್ಕೆ ನಿಕಲ್ ಮೆಟಲ್ ಹೈಡ್ರೈಡ್ ಸಾಕು.

ಗದ್ದಲವನ್ನು ಪರೀಕ್ಷಿಸುವುದು ಕಷ್ಟವಲ್ಲ. ಹೊಸ ಸಾಮಾನ್ಯ ಬ್ಯಾಟರಿ ಹಾಕಿ, ಮರದ ಮೇಜಿನ ಮೇಲಿಟ್ಟ ಒಂದು ರೂಪಾಯಿ ನಾಣ್ಯ ಎಷ್ಟು ದೂರದಿಂದ ಪತ್ತೆಯಾಗುತ್ತದೆಂದು ಸ್ಕೇಲ್ ಹಿಡಿದು ಅಳೆಯಿರಿ. ಬಳಿಕ ರೀಚಾರ್ಜೆಬಲ್ ಹಾಕಿ ಅದನ್ನೇ ಮಾಡಿ. ದೂರ ಕುಗ್ಗಿದರೆ, ಅಥವಾ ಸುತ್ತ ಏನೂ ಇಲ್ಲದಿದ್ದರೂ ಡಿಟೆಕ್ಟರ್ ಚಿಂವ್‌ಗುಟ್ಟಿದರೆ, ಆ ಬ್ಯಾಟರಿ ನಿಮ್ಮ ಯಂತ್ರಕ್ಕೆ ಹೊಂದುವುದಿಲ್ಲ.

ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದು ಹೋಗಬಹುದಾದ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಎಲ್ಲ ಬಗೆಯ ಬ್ಯಾಟರಿಯೂ ಸಿಗುತ್ತದೆ, ನಕಲಿಯೂ ಸೇರಿ. ಸೆಲ್ ಅಥವಾ ಪೊಟ್ಟಣದ ಮೇಲೆ ಐಎಸ್ 16046 ಎಂಬ ಮಾನಕ ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಆ ಸಂಖ್ಯೆಯನ್ನು ಅಂಗಡಿಯಲ್ಲಿ ನಿಂತೇ ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು. ನಿಮ್ಮ ಡಿಟೆಕ್ಟರಿಗೆ ಪೆನ್ಸಿಲ್ ಸೆಲ್ಲಿಗಿಂತ ದಪ್ಪನೆಯ 18650 ಲಿಥಿಯಂ ಸೆಲ್ಲೇ ಬೇಕಿದ್ದರೆ, ಆ ಗಾತ್ರದ ಒಳ್ಳೆಯ ಸೆಲ್ಲಿನ ಸಾಮರ್ಥ್ಯವೂ 3,600 ಮಿಲಿ ಆಂಪಿಯರ್ ಅವರ್ ಆಸುಪಾಸಿನಲ್ಲೇ ನಿಲ್ಲುತ್ತದೆ ಎಂಬುದು ನೆನಪಿರಲಿ. ಹೊದಿಕೆಯ ಮೇಲೆ 9,900 ಎಂದು ಅಚ್ಚಾಗಿದ್ದರೆ ಅದು ಹಸಿ ಸುಳ್ಳು. ಅಡುಗೆಮನೆಯ ತಕ್ಕಡಿಯೂ ಸುಳ್ಳನ್ನು ಹಿಡಿಯುತ್ತದೆ: ಅಸಲಿ ಸೆಲ್ ಸುಮಾರು 45ರಿಂದ 50 ಗ್ರಾಂ ತೂಗುತ್ತದೆ, ಮೂವತ್ತಕ್ಕೇ ನಿಂತರೆ ವಾಪಸು ಕೊಡಿ.

ಕೆಲವು ಕೈ ಡಿಟೆಕ್ಟರ್‌ಗಳಿಗೆ ಅಡಾಪ್ಟರ್ ಚುಚ್ಚುವ ತೂತು ಇರುತ್ತದೆ. ಅದು ತಯಾರಕರು ಹೇಳಿದ ಜಾತಿಯ ಬ್ಯಾಟರಿಗೆ ಮಾತ್ರ. ಒಳಗೆ ಸಾಮಾನ್ಯ ಬ್ಯಾಟರಿ ಇರುವಾಗ ಅಡಾಪ್ಟರ್ ಚುಚ್ಚಿದರೆ ಅದು ಸೋರಬಹುದು, ಸಿಡಿಯಲೂಬಹುದು. ನಿಕಲ್‌ಗೆಂದು ಮಾಡಿದ ಜಾಗದಲ್ಲಿ ಲಿಥಿಯಂ ಹಾಕಿ ರಾತ್ರಿಯಿಡೀ ಬಿಡುವುದು ಇನ್ನೂ ಅಪಾಯ. ಪಾಳಿ ಬದಲಾದಾಗ ಹಿಂದಿನವರು ಏನು ಹಾಕಿದ್ದಾರೆಂದು ಮುಂದಿನವರಿಗೆ ತಿಳಿಯುವುದಿಲ್ಲವಾದ್ದರಿಂದ, ಮುಚ್ಚಳದ ಮೇಲೆ ಚೀಟಿ ಅಂಟಿಸುವುದು ಒಳ್ಳೆಯದು. ಪೆನ್ಸಿಲ್ ಸೆಲ್‌ಗಳನ್ನು ಪ್ರತಿಯೊಂದನ್ನೂ ಬೇರೆಯಾಗಿ ಅಳೆಯುವ, ತುಂಬಿದೊಡನೆ ತಾನೇ ನಿಲ್ಲುವ ಚಾರ್ಜರಿನಲ್ಲಿ ಹಾಕಿ. ಹಳತು ಹೊಸತು ಬೆರೆಸಬೇಡಿ.

ಮುಂಬೈಯ ಮಳೆಗಾಲದ ತೇವದಲ್ಲಿ ಸಂಪರ್ಕದ ತಗಡುಗಳು ಬೇಗ ಕಿಲುಬು ಹಿಡಿಯುತ್ತವೆ. ಬಳಸದ ವಾರಗಳಲ್ಲಿ ಬ್ಯಾಟರಿಯನ್ನು ಹೊರತೆಗೆದಿಡಿ. ಊದಿಕೊಂಡ ಲಿಥಿಯಂ ಸೆಲ್ಲನ್ನು ಚುಚ್ಚುವುದಾಗಲಿ ಮತ್ತೆ ಚಾರ್ಜ್ ಮಾಡುವುದಾಗಲಿ ಕೂಡದು. ಅದರ ತುದಿಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಿ. ಸೊಸೈಟಿಯ ಕಸದ ಡಬ್ಬಿಗೆ ಹಾಕಿದರೆ, ಕಸದ ಲಾರಿಯಲ್ಲಿ ಅದು ಜಜ್ಜಿಹೋಗಿ ಬೆಂಕಿ ಹೊತ್ತಿಕೊಳ್ಳಬಹುದು.